ಹಬ್ಬದ ಆರ್ಡರ್ ಹಿಡಿಯುವ ಮೊದಲು

ಶಿರಸಿಯಲ್ಲಿ ನನ್ನದೊಂದು ಸಣ್ಣ ತಿಂಡಿ ಅಂಗಡಿ. ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡದೇವು ಅನ್ನುವ ಕಾಗದದಷ್ಟು ತೆಳ್ಳಗಿನ ಸಿಹಿ ತಿಂಡಿ, ಜೋನಿ ಬೆಲ್ಲ (ನೀರಾಗಿರುವ ಬೆಲ್ಲ), ಬಾಳೆಕಾಯಿ ಚಿಪ್ಸ್ ಮಾರುತ್ತೇನೆ. ಚೌತಿಯಿಂದ ಹೊಸ ವರ್ಷದವರೆಗೆ ವ್ಯಾಪಾರ ಜೋರು. ಮನೆಯಲ್ಲೇ ತಿಂಡಿ ಮಾಡಿ ಮಾರಲು ಹೊರಟವರು ಈಗ ಊರೂರಲ್ಲಿ ಇದ್ದಾರೆ, ಹೆಚ್ಚಿನವರು ಹೆಂಗಸರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಜನರ ವಿಷಯ. ನಮ್ಮ ಕಡೆ ದೊಡ್ಡಬ್ಬ, ಅಂದರೆ ದೀಪಾವಳಿ, ಬರುವುದೂ ಅಡಿಕೆ ಗೊನೆ ಕೊಯ್ಲು ಶುರುವಾಗುವುದೂ ಹೆಚ್ಚುಕಡಿಮೆ ಒಟ್ಟಿಗೇ. ಆಮೇಲೆ ಹಸಿ ಅಡಿಕೆ ಸುಲಿಯಲು ಎಲ್ಲ ಮನೆಗೂ ಜನ ಬೇಕು. ರಾತ್ರಿ ಕೂತು ಸುಲಿದರೂ ಒಳ್ಳೆಯ ದುಡ್ಡು ಸಿಗುತ್ತದೆ. ಅದನ್ನು ಬಿಟ್ಟು ನಿಮ್ಮ ಹಪ್ಪಳ ಪ್ಯಾಕ್ ಮಾಡಲು ಯಾರು ಬರುತ್ತಾರೆ? ಅದಕ್ಕೇ ಚೌತಿ ಮುಗಿದ ವಾರವೇ ಮಾತಾಡಿಕೊಳ್ಳಿ. ಯಾವ ದಿನ, ಎಷ್ಟು ಹೊತ್ತು, ಎಷ್ಟು ಕೂಲಿ ಎಂದು ಸ್ಪಷ್ಟವಾಗಿ ಹೇಳಿ, ಸ್ವಲ್ಪ ಮುಂಗಡ ಕೊಡಿ. ಪ್ಯಾಕೆಟ್ಟಿಗೆ ಲೇಬಲ್ ಅಂಟಿಸುವುದು, ಡಬ್ಬ ತೊಳೆದು ಒಣಗಿಸುವುದು, ಬಾಕ್ಸ್ ತರಿಸಿಡುವುದು, ಇವೆಲ್ಲ ಕೊಯ್ಲಿಗಿಂತ ಮೊದಲೇ ಮುಗಿದಿರಲಿ.

ಇನ್ನು ಮಾಲು. ಹಬ್ಬಕ್ಕೆ ಮಾರುವ ಎಲ್ಲವನ್ನೂ ಹಬ್ಬದ ಹೊತ್ತಿಗೆ ಮಾಡಲು ಆಗುವುದಿಲ್ಲ. ಅಪ್ಪೆಮಿಡಿ ಸಿಗುವುದು ಫೆಬ್ರವರಿಯಿಂದ ಏಪ್ರಿಲ್ ಒಳಗೆ. ಹಲಸಿನ ಹಪ್ಪಳ ಮಳೆ ಹಿಡಿಯುವ ಮೊದಲು ಒಣಗಬೇಕು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುವುದೂ ಮಿಡಿ ಕಾಲದಲ್ಲೇ. ಜಾತ್ರೆ ವರ್ಷ ಅಂಗಡಿ ಬಿಟ್ಟು ಏಳಲು ಪುರುಸೊತ್ತು ಇರುವುದಿಲ್ಲ. ಆದ್ದರಿಂದ ಮಿಡಿಯನ್ನು ಉಪ್ಪಿಗೆ ಹಾಕಿ ಭದ್ರವಾಗಿ ಇಡಿ, ಖಾರವನ್ನು ಒಟ್ಟಿಗೇ ಹಾಕಬೇಡಿ. ಉಪ್ಪಿನಲ್ಲಿ ಇದ್ದ ಮಿಡಿ ತೆಗೆದು, ಬೇಕಾದಷ್ಟಕ್ಕೆ ಮಾತ್ರ ಸಾಸಿವೆ, ಮೆಣಸು ಬೀಸಿ ಹಾಕಿದರೆ ಉಪ್ಪಿನಕಾಯಿಗೆ ಪರಿಮಳವೂ ಇರುತ್ತದೆ, ದಾಸ್ತಾನೂ ಕೈಯಲ್ಲಿ ಇರುತ್ತದೆ.

ತೊಡದೇವು ಮಾತ್ರ ಬೇರೆ. ಅದನ್ನು ಮುಂಚೆಯೇ ಮಾಡಿ ರಾಶಿ ಹಾಕುವಂತಿಲ್ಲ. ಬೋರಲು ಹಾಕಿದ ಗಡಿಗೆಯ ಕೆಳಗೆ ಹದವಾದ ಉರಿ ಇರಬೇಕು. ಕೋಲಿಗೆ ಸುತ್ತಿದ ಬಟ್ಟೆಯನ್ನು ತೆಳ್ಳಗಿನ ಸಿಹಿ ಅಕ್ಕಿ ಹಿಟ್ಟಿನಲ್ಲಿ ಅದ್ದಿ ಗಡಿಗೆಯ ಮೇಲೆ ಒಮ್ಮೆ ಎಳೆಯಬೇಕು. ಅಂಚು ಏಳುತ್ತಿದ್ದ ಹಾಗೇ ಬಿಡಿಸಿ, ಬಿಸಿ ಇರುವಾಗಲೇ ಮಡಚಬೇಕು. ಒಂದು ಗಳಿಗೆ ತಡವಾದರೂ ಮಡಚುವಾಗ ಮುರಿಯುತ್ತದೆ. ಒಬ್ಬರ ಕೈ, ಒಂದು ಗಡಿಗೆ, ಒಂದೊಂದೇ ಹಾಳೆ. ಎಷ್ಟೇ ದುಡ್ಡು ಕೊಟ್ಟರೂ ಇದರ ವೇಗ ಹೆಚ್ಚುವುದಿಲ್ಲ. ಹಾಗಾಗಿ ಒಂದು ಬೆಳಿಗ್ಗೆ ನಿಮ್ಮ ಕೈಯಲ್ಲಿ ಎಷ್ಟು ಆಗುತ್ತದೆ ಎಂದು ಲೆಕ್ಕ ಹಾಕಿ, ಅದರಲ್ಲಿ ಮುರಿದದ್ದನ್ನು ಕಳೆದು, ಉಳಿದಷ್ಟಕ್ಕೆ ಮಾತ್ರ ಆರ್ಡರ್ ಹಿಡಿಯಿರಿ. ದೀಪಾವಳಿ ಹೊತ್ತಿಗೆ ಒಮ್ಮೊಮ್ಮೆ ಮಳೆಯೂ ಬರುತ್ತದೆ. ಆ ದಿನ ಮಾಡಿದ್ದು ಬೇಗ ಮೆತ್ತಗಾಗುತ್ತದೆ. ಹಾಗಾಗಿ ಒಂದೆರಡು ದಿನ ಕೈಯಲ್ಲಿ ಇಟ್ಟುಕೊಂಡೇ ಮಾತು ಕೊಡಿ.

ನನ್ನ ಮಟ್ಟಿಗೆ ಇಡೀ ಸೀಸನ್ನಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ತಾರೀಕು. ಬೆಂಗಳೂರಿಗೆ ಹೋಗಬೇಕಾದ ಆರ್ಡರನ್ನು ನೀರು ತುಂಬುವ ಹಬ್ಬಕ್ಕೆ ಎಂಟು ದಿನ ಮೊದಲೇ ನಿಲ್ಲಿಸುತ್ತೇನೆ. ಆ ಮೇಲೂ ಫೋನ್ ಬರುತ್ತದೆ. "ಅಕ್ಕಾ, ಎರಡೇ ಡಬ್ಬ, ಹೇಗಾದ್ರೂ ಮಾಡಿ ಕಳಿಸಿ" ಅನ್ನುತ್ತಾರೆ. ಪಾಪ ಅನ್ನಿಸುತ್ತದೆ, ಅವರೂ ನಮ್ಮ ಊರ ಕಡೆಯವರೇ, ಹಬ್ಬಕ್ಕೆ ಮನೆಗೆ ಬರಲು ಆಗದವರು. ಆದರೆ ಆ ಎರಡು ಡಬ್ಬಕ್ಕೆ ಒಪ್ಪಿದರೆ ಮೊದಲೇ ದುಡ್ಡು ಕೊಟ್ಟು ಕಾದವರ ಡಬ್ಬ ತಡವಾಗುತ್ತದೆ. ಒಂದು ಸಂದೇಶ ಬರೆದಿಟ್ಟುಕೊಳ್ಳಿ: "ಈ ಹಬ್ಬದ ಆರ್ಡರ್ ಮುಗಿದಿದೆ. ಹಬ್ಬ ಕಳೆದ ಮೇಲೆ ಮೊದಲ ಸಲ ಮಾಡಿದ್ದರಲ್ಲಿ ನಿಮಗೆ ಎತ್ತಿಡಲಾ?" ಹೆಚ್ಚಿನವರು ಹೂಂ ಅನ್ನುತ್ತಾರೆ. ಹಬ್ಬದ ನಂತರ ಖಾಲಿ ಹೊಡೆಯುವ ವಾರಕ್ಕೂ ಇದರಿಂದ ಕೆಲಸ ಸಿಗುತ್ತದೆ.

ವಾಟ್ಸಾಪಿನಲ್ಲಿ ಬಂದ ಆರ್ಡರ್ ವಾಟ್ಸಾಪಿನಲ್ಲೇ ಇರಬಾರದು. ಒಂದು ಉದ್ದ ಪುಸ್ತಕ ಇಡಿ. ಹೆಸರು, ಏನು ಬೇಕು, ದುಡ್ಡು ಬಂತಾ, ಯಾವತ್ತು ಕಳಿಸಿದ್ದು, ಅಷ್ಟು ಬರೆದರೆ ಸಾಕು.

ಪ್ಯಾಕಿಂಗಿಗೆ ಜಿಪುಣತನ ಬೇಡ. ಉಪ್ಪಿನಕಾಯಿಯನ್ನೂ ತೊಡದೇವನ್ನೂ ಒಂದೇ ಬಾಕ್ಸಿಗೆ ಹಾಕಬೇಡಿ, ಕೇಳಿದವರು ಒಬ್ಬರೇ ಆಗಿದ್ದರೂ ಸರಿ. ತೊಡದೇವು ಗಟ್ಟಿ ಡಬ್ಬದಲ್ಲಿ, ಅಲುಗಾಡದ ಹಾಗೆ, ಮೇಲೆ ಕೆಳಗೆ ಕಾಗದ ಇಟ್ಟು ಹೋಗಬೇಕು. ಉಪ್ಪಿನಕಾಯಿ, ಜೋನಿ ಬೆಲ್ಲದ ಬಾಟಲಿಗಳಿಗೆ ಒಂದು ಪರೀಕ್ಷೆ ಇದೆ. ಸೀಲ್ ಮಾಡಿದ ಮೇಲೆ ಹಳೆ ಪೇಪರಿನ ಮೇಲೆ ಒಂದು ರಾತ್ರಿ ತಲೆಕೆಳಗಾಗಿ ಇಡಿ. ಬೆಳಿಗ್ಗೆ ಪೇಪರಿನಲ್ಲಿ ಒಂದು ಕಲೆ ಕಂಡರೂ ಆ ಬಾಟಲಿ ಪಾರ್ಸೆಲ್ಲಿಗೆ ಹೋಗಬಾರದು. ಶಿರಸಿಗೆ ರೈಲಿಲ್ಲ. ನಮ್ಮ ಮಾಲೆಲ್ಲ ಬಸ್ಸು, ಲಾರಿಯಲ್ಲೇ ರಸ್ತೆಯ ತಿರುವು, ಹೊಂಡ ದಾಟಿ ಹೋಗಬೇಕು. ರಾತ್ರಿ ಬಸ್ಸಿಗೆ ಕೊಟ್ಟರೆ ಬೆಳಿಗ್ಗೆ ಬೆಂಗಳೂರಲ್ಲಿ ಸಿಗುತ್ತದೆ ನಿಜ, ಆದರೆ ಹಬ್ಬದ ಎದುರಿಗೆ ಬಸ್ಸಿನಲ್ಲೂ ಜಾಗ ಇರುವುದಿಲ್ಲ.

ದುಡ್ಡಿನ ವಿಷಯದಲ್ಲಿ ಸಂಕೋಚ ಬೇಡ. ದೊಡ್ಡ ಆರ್ಡರಿಗೆ ಅರ್ಧ ಮುಂಗಡ ಕೇಳಿ. ದುಡ್ಡು ಹಾಕಿದೆ ಎಂದು ಫೋಟೋ ತೋರಿಸಿದರೆ ಸಾಲದು, ನಿಮ್ಮ ಖಾತೆಗೆ ಬಂದಿದೆಯಾ ನೋಡಿ. ಅಂಗಡಿಯ ಯುಪಿಐಗೆ ಬೇರೆಯೇ ಖಾತೆ ಇರಲಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ನಮ್ಮ ರಾಜ್ಯದ ಎಷ್ಟೋ ಸಣ್ಣ ಅಂಗಡಿಗಳಿಗೆ ತೆರಿಗೆ ನೋಟಿಸ್ ಬಂತಲ್ವಾ? ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಬೇಕು. ಹೊರರಾಜ್ಯಕ್ಕೆ ಕಳಿಸುವವರಿಗೆ ನಿಯಮ ಇನ್ನೂ ಬಿಗಿ, ಗೋವಾ ಆರ್ಡರ್ ಹಿಡಿಯುವ ಮೊದಲು ತೆರಿಗೆ ಲೆಕ್ಕ ನೋಡುವವರನ್ನು ಕೇಳಿ. ಲೇಬಲ್ಲಿನಲ್ಲಿ ಆಹಾರ ನೋಂದಣಿಯ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಸಂಖ್ಯೆ, ತೂಕ, ಏನೇನು ಹಾಕಿದ್ದು, ಮಾಡಿದ ತಾರೀಕು, ಎಷ್ಟು ದಿನ ಬಾಳುತ್ತದೆ, ಬೆಲೆ, ವಿಳಾಸ ಇರಲೇಬೇಕು. ಬೆಲೆ ಏರಿಸುವುದಿದ್ದರೆ ಚೌತಿಗೆ ಮೊದಲೇ ಏರಿಸಿ. ಹಬ್ಬದ ವಾರದಲ್ಲಿ ಏರಿಸಿದರೆ ಹಳೆ ಗಿರಾಕಿಗೆ ಬೇಜಾರಾಗುತ್ತದೆ.

ಡಿಸೆಂಬರ್ ಕೊನೆಯ ಗಿರಾಕಿಗಳೇ ಬೇರೆ. ಯಾಣ, ಬನವಾಸಿ, ಜೋಗ ನೋಡಲು ಬಂದವರು, ಗೋಕರ್ಣ, ಮುರ್ಡೇಶ್ವರಕ್ಕೆ ಇಳಿಯುವವರು. ಅವರಿಗೆ ಅಪ್ಪೆಮಿಡಿ ಅಂದರೇನು ಎಂದೇ ಗೊತ್ತಿರುವುದಿಲ್ಲ. ಕಿಲೋ ಡಬ್ಬ ತೋರಿಸಬೇಡಿ. 200 ಗ್ರಾಮಿನದ್ದು ಮುಂದೆ ಜೋಡಿಸಿ, ಒಂದು ಬಟ್ಟಲಲ್ಲಿ ರುಚಿಗೆ ಇಡಿ. ತೊಡದೇವಿನ ಒಂದು ಚೂರು ಬಾಯಿಗೆ ಹಾಕಿಕೊಂಡವರು ಸುಮ್ನೆ ಹೋಗುವುದು ಅಪರೂಪ. ಮಡಚುವಾಗ ಮುರಿದವನ್ನೆಲ್ಲ ಇದಕ್ಕೇ ಎತ್ತಿಡಿ.

ಕೂಲಿಯನ್ನು ಹಬ್ಬ ಕಳೆದ ಮೇಲೆ ಕೊಡುತ್ತೇನೆ ಅನ್ನಬೇಡಿ. ನೀರು ತುಂಬುವ ಹಬ್ಬದ ಹಿಂದಿನ ಸಂಜೆಯೊಳಗೆ ಎಲ್ಲರ ಲೆಕ್ಕ ಚುಕ್ತಾ ಮಾಡಿ, ಒಂದೊಂದು ಡಬ್ಬ ಅವರ ಮನೆಗೂ ಕೊಡಿ. ಅವರ ಮನೆಯಲ್ಲೂ ಅದೇ ಹಬ್ಬ. ಗೋಪೂಜೆಯ ದಿನ ನಾನು ಅಂಗಡಿ ತೆಗೆಯುವುದಿಲ್ಲ. ಅದನ್ನು ಒಂದು ವಾರ ಮೊದಲೇ ಬಾಗಿಲಿಗೆ ಬರೆದು ಅಂಟಿಸುತ್ತೇನೆ, ಫೋನಿನ ಸ್ಟೇಟಸ್ಸಿಗೂ ಹಾಕುತ್ತೇನೆ.