ಸೂರ್ಯಕಲೆಯ ಅನಿಲ ಎತ್ತ ಹರಿಯುತ್ತದೆ? ಅಳೆಯೋಣ ಬನ್ನಿ

ವಿಜಯಪುರದಲ್ಲಿ ಬಿಸಿಲಿಗೇನೂ ಬರ ಇಲ್ಲ. ಆದ್ರೂ ಈ ಕೆಲಸಕ್ಕೆ ಬೆಳಿಗ್ಗೆ ಬೇಗ ಮಾಳಿಗೆ ಹತ್ತಬೇಕು. ಹೊತ್ತೇರಿದಂತೆ ಮಾಳಿಗೆ ಕಾದು ಬಿಸಿಗಾಳಿ ಏಳುತ್ತದೆ, ಸೂರ್ಯನ ಬಿಂಬ ನಡುಗುತ್ತದೆ. ಟೆಲಿಸ್ಕೋಪಿಗೆ ಕಣ್ಣು ಇಡಲೇಬೇಡಿ, ಕಣ್ಣೇ ಹೋಗುತ್ತದೆ. ಫೈಂಡರ್‌ಗೂ (ಗುರಿ ಹಿಡಿಯಲು ಮೇಲೆ ಕೂರಿಸಿದ ಪುಟ್ಟ ದೂರದರ್ಶಕಕ್ಕೂ) ಮುಚ್ಚಳ ಹಾಕಿ, ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ.

ಕಪ್ಪು ಕಲೆ, ಅದರ ಸುತ್ತ ಬೂದು ಅಂಚು ಕಾಣುತ್ತದೆ. ನಮಗೆ ಬೇಕಾದದ್ದು ಆ ಬೂದು ಅಂಚು. ಅಲ್ಲಿ ಅನಿಲ ಕಲೆಯಿಂದ ಹೊರಕ್ಕೆ, ಹೆಚ್ಚುಕಡಿಮೆ ಮೇಲ್ಮೈಗುಂಟ ಹರಿಯುತ್ತದೆ ಅಂತ 1909ರಲ್ಲಿ ಕೊಡೈಕನಾಲ್ ವೀಕ್ಷಣಾಲಯದಲ್ಲಿ ಜಾನ್ ಎವರ್‌ಶೆಡ್ ಕಂಡುಹಿಡಿದರು. ಹೀಗಾಗಿ ಬಿಂಬದ ನಟ್ಟನಡುವಿನ ಕಲೆ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಹರಿವು ನಮ್ಮತ್ತ ಬರುವುದೂ ಇಲ್ಲ, ದೂರ ಹೋಗುವುದೂ ಇಲ್ಲ, ಸುಮ್ನೆ ಅಡ್ಡ ಹೋಗುತ್ತದೆ. ಬದಿಗೆ ಸರಿದ ದುಂಡನೆಯ ಕಲೆ ಆರಿಸಿ. ಸ್ಕೇಲ್ ಇಟ್ಟು, ಬಿಂಬದ ನಡುವಿನಿಂದ ಅದರ ದೂರವನ್ನು ಬಿಂಬದ ತ್ರಿಜ್ಯದಿಂದ ಭಾಗಿಸಿ. ತ್ರಿಜ್ಯ 5 ಸೆಂ.ಮೀ., ದೂರ 2.5 ಇದ್ದರೆ ಉತ್ತರ 0.5. ಬರೆದಿಟ್ಟುಕೊಳ್ಳಿ.

ಮುಂದಿನದು ಮನೆಯಲ್ಲಿ ಆಗುವ ಮಾತಲ್ಲ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಅದರಲ್ಲಿ ಅನಿಲದ ಗೆರೆಗಳು ಕಾಣುತ್ತವೆ. ಅನಿಲ ದೂರ ಹೋದರೆ ಅದರ ಗೆರೆ ಕೆಂಪಿನತ್ತ ಜರುಗುತ್ತದೆ, ಹತ್ತಿರ ಬಂದರೆ ನೀಲಿಯತ್ತ. ಆದರೆ ಸೆಕೆಂಡಿಗೆ 1 ಕಿ.ಮೀ. ವೇಗಕ್ಕೆ ಜರುಗುವುದು ಬರೀ 0.002 ನ್ಯಾನೋಮೀಟರ್! ಸಿ.ಡಿ. ತುಂಡಿನಿಂದ ಮಾಡಿದ ಉಪಕರಣಕ್ಕೆ ಇದು ಎಟುಕುವುದಿಲ್ಲ. ನಾಸಾದ ಎಸ್‌ಡಿಒ ಉಪಗ್ರಹ 617.3 ನ್ಯಾನೋಮೀಟರಿನ ಕಬ್ಬಿಣದ ಗೆರೆ ನೋಡಿ, 45 ಸೆಕೆಂಡಿಗೊಂದು ವೇಗದ ನಕ್ಷೆ ಕೊಡುತ್ತದೆ. ಅದೂ ಪುಕ್ಕಟೆ. ಅದೇ ದಿನದ, ಅರ್ಧ ಗಂಟೆಯಷ್ಟು ನಕ್ಷೆಗಳ ಸರಾಸರಿ ತೆಗೆಯಿರಿ. ಒಂದನ್ನೇ ನೆಚ್ಚಿಕೊಂಡರೆ ಕೆಟ್ಟಿತು, ಯಾಕಂದ್ರೆ ಸೂರ್ಯನ ಮೈ ಸುಮಾರು 5 ನಿಮಿಷಕ್ಕೊಮ್ಮೆ ಏರಿಳಿಯುತ್ತಿರುತ್ತದೆ.

ಈಗ ಬೂದು ಅಂಚಿನ ಎರಡು ಬದಿ ಓದಿ: ಒಂದು ಬಿಂಬದ ಅಂಚಿನ ಕಡೆಯದು, ಇನ್ನೊಂದು ಬಿಂಬದ ನಡುವಿನ ಕಡೆಯದು. ನಕ್ಷೆಯಲ್ಲಿ ದೂರ ಹೋಗುವುದು ಪ್ಲಸ್, ಹತ್ತಿರ ಬರುವುದು ಮೈನಸ್. ಮೊದಲನೆಯದು ಸೆಕೆಂಡಿಗೆ 1.8 ಕಿ.ಮೀ., ಎರಡನೆಯದು −0.2 ಇದೆ ಅಂದುಕೊಳ್ಳಿ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ 2, ಅದರ ಅರ್ಧ 1. ಹೀಗೆ ಕಳೆಯುವಾಗ ಸೂರ್ಯನ ತಿರುಗಾಟ, ಉಪಗ್ರಹದ ಓಟ ಎಲ್ಲ ಬಹುಮಟ್ಟಿಗೆ ಹೊಡೆದುಹೋಗುತ್ತವೆ, ಅದೇ ಇದರ ಜಾಣತನ. ಹರಿವಿನ ವೇಗದಲ್ಲಿ ನಮ್ಮ ನೋಟದ ನೇರಕ್ಕೆ ಸಿಗುವುದು ಬರೆದಿಟ್ಟ 0.5ರಷ್ಟು ಪಾಲು ಮಾತ್ರ, ಹಾಗಾಗಿ ಅದರಿಂದ ಭಾಗಿಸಿ: ಸೆಕೆಂಡಿಗೆ 2 ಕಿ.ಮೀ. ಗಂಟೆಗೆ 7,200 ಆಯಿತಲ್ವಾ!

ಕಲೆಯ ಮೇಲಿನ ಪದರ ನೋಡಬೇಕಾದರೆ ಹೈಡ್ರೋಜನ್ನಿನ 656.28 ನ್ಯಾನೋಮೀಟರ್ ಗೆರೆಯ ವೇಗದ ನಕ್ಷೆ ಬೇಕು. ಲೆಕ್ಕ ಅದೇ. ಉತ್ತರ ಮೈನಸ್ ಬಂದರೆ ಗಾಬರಿಯಾಗಿ ಅಳಿಸಬೇಡಿ, ಅಷ್ಟು ಎತ್ತರದಲ್ಲಿ ಅನಿಲ ಹೊರಗಿನಿಂದ ಕಲೆಯ ಒಳಕ್ಕೇ ಹರಿಯುತ್ತದೆ.