ಕಾರ್ಬನ್ ಮಾನಾಕ್ಸೈಡ್ ಮತ್ತು ಹೊಗೆ: ಮನೆಯೊಳಗಿನವರನ್ನು ಕಾಪಾಡುವುದು ಹೇಗೆ

ಇದ್ದಿಲು ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಆದ ಮೇಲೆ “ಇನ್ನು ಒಳಗೆ ಇಟ್ಟುಕೊಳ್ಳಬಹುದು” ಎಂದುಕೊಳ್ಳುವವರು ಬಹಳ ಮಂದಿ. ಅಪಾಯ ಇರುವುದೇ ಆ ಲೆಕ್ಕಾಚಾರದಲ್ಲಿ. ಹೊಗೆ ಕಣ್ಣು ಉರಿಸುತ್ತದೆ, ಕೆಮ್ಮಿಸುತ್ತದೆ, ಎಚ್ಚರವಿದ್ದವರನ್ನು ಹೊರಗೆ ಓಡಿಸುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ (ಮುಂದೆ ಸಿಒ ಎನ್ನೋಣ) ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬೂದಿ ಮುಚ್ಚಿಕೊಂಡ ಕೆಂಡ ಅದನ್ನು ಗಂಟೆಗಟ್ಟಲೆ ಬಿಡುತ್ತಲೇ ಇರುತ್ತದೆ. ಹೊಗೆ ಕಾಣುತ್ತಿಲ್ಲ ಎಂಬುದು ಸಿಒ ಇಲ್ಲ ಎಂಬುದಕ್ಕೆ ಗುರುತಲ್ಲ.

ಸಿಒ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆದ್ದರಿಂದ ಗಾಳಿಯಲ್ಲಿ ಸ್ವಲ್ಪವೇ ಇದ್ದರೂ ಸಮಯ ಕಳೆದಂತೆ ರಕ್ತದಲ್ಲಿ ಅದರ ಪಾಲು ಏರುತ್ತ ಹೋಗುತ್ತದೆ. ಪ್ರಮಾಣವನ್ನು ಪಿಪಿಎಂನಲ್ಲಿ ಅಳೆಯುತ್ತಾರೆ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಎಷ್ಟು ಭಾಗ ಎಂದು. 200 ಪಿಪಿಎಂ ಇದ್ದರೆ ಎರಡು ಮೂರು ಗಂಟೆಯಲ್ಲಿ ತಲೆನೋವು, ಸುಸ್ತು. 800 ಇದ್ದರೆ ಮುಕ್ಕಾಲು ಗಂಟೆಯಲ್ಲಿ ತಲೆಸುತ್ತು, ವಾಕರಿಕೆ. ಎರಡು ಗಂಟೆಯೊಳಗೆ ಎಚ್ಚರ ತಪ್ಪುತ್ತದೆ. 1600ರಲ್ಲಿ ಗಂಟೆಯೊಂದು ಕಳೆದರೆ ಜೀವಕ್ಕೇ ಸಂಚಕಾರ. 800 ಪಿಪಿಎಂ ಎಂದರೆ ಶೇಕಡಾ 0.08 ಮಾತ್ರ ಎಂಬುದನ್ನು ಗಮನಿಸಿ. ಗರ್ಭಿಣಿಯರು, ಎಳೆಮಕ್ಕಳು, ಹೃದಯದ ಕಾಯಿಲೆ ಇರುವವರಿಗೆ ಇದಕ್ಕಿಂತ ಬೇಗ, ಇದಕ್ಕಿಂತ ಕಡಿಮೆ ಪ್ರಮಾಣದಲ್ಲೇ ಪೆಟ್ಟು ಬೀಳುತ್ತದೆ.

ಒಳಗೆ ಉರಿಸಲೇಬಾರದವು

ಇದ್ದಿಲು, ಕೆಂಡದ ಬಾಣಲೆ, ಬಾರ್ಬೆಕ್ಯೂ ಗ್ರಿಲ್, ಟೆಂಟಿನಲ್ಲಿ ಬಳಸುವ ಸ್ಟವ್: ಇವಕ್ಕೆ ಮನೆಯೊಳಗೆ ಜಾಗವಿಲ್ಲ. ಕಿಟಕಿ ತೆರೆದಿಟ್ಟರೂ ಇಲ್ಲ. ಕಿಟಕಿಯಿಂದ ಗಾಳಿ ಒಳಬರುತ್ತದೋ ಹೊರಹೋಗುತ್ತದೋ ಎಂಬುದನ್ನು ಗಾಳಿಯ ದಿಕ್ಕು ಮತ್ತು ಒಳ-ಹೊರಗಿನ ತಾಪ ನಿರ್ಧರಿಸುತ್ತವೆ, ನಾವಲ್ಲ. ಚಳಿ ಹೆಚ್ಚಾದಾಗ ಯಾರೋ ಎದ್ದು ಆ ಕಿಟಕಿಯನ್ನು ಮುಚ್ಚುವುದೂ ಖಂಡಿತ. ಗ್ರಿಲ್ ಬಳಸಿ ಮುಗಿದ ಮೇಲೂ ಇದ್ದಿಲು ಪೂರ್ತಿ ತಣ್ಣಗಾಗುವವರೆಗೆ ಹೊರಗೇ ಇರಲಿ. ಅಡುಗೆಯ ಗ್ಯಾಸ್ ಸ್ಟವ್ ಅಥವಾ ಓವನ್ ಹೊತ್ತಿಸಿಟ್ಟು ಕೋಣೆ ಬೆಚ್ಚಗೆ ಮಾಡಿಕೊಳ್ಳುವುದೂ ಇದೇ ಸಾಲಿಗೆ ಸೇರಿದ್ದು.

ಜನರೇಟರ್ ಇನ್ನೂ ಕೆಟ್ಟದ್ದು. ಸಣ್ಣ ಪೆಟ್ರೋಲ್ ಎಂಜಿನ್ ಎಂದು ಸಸಾರ ಮಾಡಬೇಡಿ. ಹೊಗೆ ಶುದ್ಧೀಕರಿಸುವ ವ್ಯವಸ್ಥೆ ಇಲ್ಲದ ಜನರೇಟರ್ ಒಂದೇ ಹಲವು ಆಧುನಿಕ ಕಾರುಗಳಿಗಿಂತ ಹೆಚ್ಚು ಸಿಒ ಉಗುಳುತ್ತದೆ. ಅದನ್ನು ಕಿಟಕಿ, ಬಾಗಿಲು, ಗಾಳಿಕಿಂಡಿಗಳಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಬಯಲಲ್ಲಿ, ಹೊಗೆಕೊಳವೆಯ ಬಾಯಿ ಮನೆಗೆ ಬೆನ್ನು ಮಾಡಿರುವಂತೆ ಇಡಿ. ಪಕ್ಕದ ಮನೆಯ ಕಿಟಕಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಾಲ್ಕನಿ, ಮೆಟ್ಟಿಲ ಕೆಳಗಿನ ಜಾಗ, ನೆಲಮಾಳಿಗೆ, ಶಟರ್ ಅರ್ಧ ಎತ್ತಿದ ಗ್ಯಾರೇಜ್ ಯಾವುದೂ “ಹೊರಗೆ” ಅಲ್ಲ. ಎಡವಟ್ಟಾಗುವುದು ಹೆಚ್ಚಾಗಿ ಮಳೆ ಬಂದಾಗ: ಯಂತ್ರ ನೆನೆಯುತ್ತದೆಂದು ಸೂರಿನ ಕೆಳಗೆ ಎಳೆದು ತರುತ್ತಾರೆ. ನಾಲ್ಕೂ ಕಡೆ ತೆರೆದಿರುವ, ಜನರೇಟರ್‌ಗೆಂದೇ ಮಾಡಿದ ಮಳೆಹೊದಿಕೆಯನ್ನು ಮೊದಲೇ ತಂದಿಟ್ಟುಕೊಳ್ಳಿ. ದೂರಕ್ಕೆ ಎಟಕುವ, ಲೋಡಿಗೆ ತಕ್ಕ ದಪ್ಪದ, ಹೊರಾಂಗಣ ಬಳಕೆಯ ಕೇಬಲ್ ಕೂಡ ಜೊತೆಯಲ್ಲೇ ಇರಲಿ. ಕೇಬಲ್ ಗಿಡ್ಡವಾದ್ದರಿಂದಲೇ ಜನರೇಟರ್ ಬಾಗಿಲ ಬುಡಕ್ಕೆ ಬರುವುದು.

ಮನೆಗೆ ಅಂಟಿಕೊಂಡ ಗ್ಯಾರೇಜ್ ಇದ್ದರೆ ಕಾರನ್ನು ಹೊರಗೆ ತಂದ ಮೇಲೆ ಎಂಜಿನ್ ಬಿಸಿ ಮಾಡಿಕೊಳ್ಳಿ. ಕೀಲಿ ತಿರುಗಿಸದೆ ಬಟನ್ ಒತ್ತಿ ನಡೆಸುವ ಕಾರುಗಳಲ್ಲಿ ಎಂಜಿನ್ ನಿಲ್ಲಿಸಲು ಮರೆತು ಒಳಹೋಗುವುದು ಸುಲಭ. ಸಿಒ ಬಾಗಿಲ ಸಂದಿಯಿಂದಷ್ಟೇ ಅಲ್ಲ, ಜಿಪ್ಸಮ್ ಬೋರ್ಡಿನ ಗೋಡೆಯ ಮೂಲಕವೂ ನುಸುಳುತ್ತದೆ.

ಗ್ಯಾಸ್ ಗೀಸರ್, ಹೀಟರ್, ಹೊಗೆಕೊಳವೆ

ಒಂದು ಪಾಲು ಪ್ರೊಪೇನ್ ಪೂರ್ತಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು. ಮುಚ್ಚಿದ ಪುಟ್ಟ ಸ್ನಾನದ ಕೋಣೆಯಲ್ಲಿ ಗ್ಯಾಸ್ ಗೀಸರ್ ಓಡಿದರೆ ಕೆಲವೇ ನಿಮಿಷದಲ್ಲಿ ಆಮ್ಲಜನಕ ಇಳಿಯುತ್ತದೆ, ಉರಿ ಅರೆಬರೆಯಾಗುತ್ತದೆ, ಸಿಒ ಏರುತ್ತದೆ. ಏರಿದಷ್ಟೂ ಉರಿ ಇನ್ನಷ್ಟು ಕೆಡುತ್ತದೆ. ಹೊಗೆಕೊಳವೆ ಇಲ್ಲದ ಗೀಸರ್ ಸ್ನಾನದ ಕೋಣೆಯ ಒಳಗೆ ಇರಲೇಕೂಡದು; ಹೊರಗಿನ ತೆರೆದ ಜಾಗದಲ್ಲಿ ಹಾಕಿ ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತನ್ನಿ. ಸ್ಥಳಾಂತರ ಆಗುವವರೆಗೆ, ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಕೋಣೆಗೆ ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಿ. ಹೊಸದು ಕೊಳ್ಳುವುದಾದರೆ ಹೊರಗಿನಿಂದಲೇ ಗಾಳಿ ಎಳೆದು ಹೊರಗೇ ಹೊಗೆ ಬಿಡುವ, ಉರಿಯ ಕೋಣೆ ಪೂರ್ತಿ ಮುಚ್ಚಿರುವ ಮಾದರಿಯೇ ಸರಿ. ಕೆಲವು ಹೀಟರ್‌ಗಳಲ್ಲಿ ಆಮ್ಲಜನಕ ಶೇಕಡಾ 18ರ ಆಸುಪಾಸಿಗೆ ಇಳಿದಾಗ ಗ್ಯಾಸ್ ನಿಲ್ಲಿಸುವ ಸಾಧನ ಇರುತ್ತದೆ. ಒಳ್ಳೆಯದೇ, ಆದರೆ ಅದು ಅಳೆಯುವುದು ಆಮ್ಲಜನಕವನ್ನು, ಸಿಒ ಅನ್ನು ಅಲ್ಲ. ಮಸಿ ಕಟ್ಟಿದ ಬರ್ನರ್ ಆಮ್ಲಜನಕ ಸಾಕಷ್ಟಿದ್ದರೂ ಸಿಒ ಬಿಡಬಲ್ಲದು.

ಗೀಸರ್, ಸ್ಟವ್‌ಗಳಲ್ಲಿ ಉರಿ ನೀಲಿಯಾಗಿ ಚೂಪಾಗಿರಬೇಕು. ಹಳದಿಯಾಗಿ ಓಲಾಡುವ ಉರಿ, ಯಂತ್ರದ ಮೇಲೆ ಅಥವಾ ಗೋಡೆಯ ಮೇಲೆ ಕಪ್ಪು ಮಸಿ, ಕಿಟಕಿ ಗಾಜಿನ ಮೇಲೆ ಅಕಾರಣ ತೇವ, ಪೈಲಟ್ ಉರಿ (ಬರ್ನರ್ ಹೊತ್ತಿಸಲು ಇರುವ ಪುಟ್ಟ ಉರಿ) ಪದೇಪದೇ ಆರುವುದು: ಇವು ಕಂಡರೆ ಗ್ಯಾಸ್ ಮುಚ್ಚಿ ತಂತ್ರಜ್ಞರನ್ನು ಕರೆಸಿ. ಉರಿ ನೀಲಿಯಾಗಿದೆ ಎಂದು ನಿಶ್ಚಿಂತೆಯಾಗಿರಲೂ ಆಗದು. ಹೊಗೆಕೊಳವೆ ಕಟ್ಟಿಕೊಂಡಿದ್ದರೆ ಆ ಬಣ್ಣದಿಂದ ಏನೂ ಗೊತ್ತಾಗುವುದಿಲ್ಲ. ವರ್ಷಕ್ಕೊಮ್ಮೆಯ ಸರ್ವಿಸ್‌ನಲ್ಲಿ ಬರ್ನರ್ ಉಜ್ಜುವುದಷ್ಟೇ ಸಾಲದು, ಹೊಗೆಯಲ್ಲಿನ ಸಿಒ ಪ್ರಮಾಣವನ್ನು ಅನಲೈಸರ್‌ನಿಂದ ಅಳೆಯಿಸಿ.

ಹೊಗೆಕೊಳವೆಯ ಶತ್ರುಗಳು ಗೊತ್ತಿರುವವೇ: ಹಕ್ಕಿಗೂಡು, ಮಸಿ, ಕಳಚಿದ ಜೋಡಣೆ, ತುಕ್ಕಿನ ತೂತು. ಕಡಿಮೆ ಜನರಿಗೆ ಗೊತ್ತಿರುವುದು ಎಕ್ಸಾಸ್ಟ್ ಫ್ಯಾನಿನ ಕಿತಾಪತಿ. ಮನೆ ಬಿಗಿಯಾಗಿ ಮುಚ್ಚಿರುವಾಗ ಅಡುಗೆಮನೆಯ ಚಿಮಣಿ ಫ್ಯಾನ್ ಹೊರಗೆ ತಳ್ಳಿದಷ್ಟು ಗಾಳಿ ಎಲ್ಲಿಂದಲಾದರೂ ಒಳಬರಲೇಬೇಕು. ಹತ್ತಿರದ ದಾರಿ ಗೀಸರ್‌ನ ಹೊಗೆಕೊಳವೆಯಾದರೆ ಹೊಗೆ ಹಿಂದಕ್ಕೆ ಸುರಿಯುತ್ತದೆ. ಗಾಳಿ ಎಳೆಯುವ ಬಾಯಿ ತೆರೆದಿರುವ ಹಳೆಯ ಮಾದರಿಗಳಲ್ಲಿ ಇದನ್ನು ನೀವೇ ಪರೀಕ್ಷಿಸಬಹುದು.

1. ಕಿಟಕಿ, ಹೊರಬಾಗಿಲು ಎಲ್ಲ ಮುಚ್ಚಿ. ಮನೆಯ ಎಲ್ಲ ಎಕ್ಸಾಸ್ಟ್ ಫ್ಯಾನ್‌ಗಳನ್ನು ಪೂರ್ಣ ವೇಗದಲ್ಲಿ ಓಡಿಸಿ.
2. ಗೀಸರ್ ಅಥವಾ ಹೀಟರ್ ಹೊತ್ತಿಸಿ ಐದು ನಿಮಿಷ ಕಾಯಿರಿ. ಕೊಳವೆ ತಣ್ಣಗಿರುವಾಗ ಮೊದಲಿಗೆ ಸ್ವಲ್ಪ ಹೊಗೆ ಹಿಂದೆ ಬರುವುದುಂಟು.
3. ಹೊತ್ತಿಸಿದ ಊದುಬತ್ತಿಯನ್ನು ಹೊಗೆಕೊಳವೆ ಶುರುವಾಗುವ ತೆರೆದ ಅಂಚಿನ ಸುತ್ತ ಹಿಡಿಯಿರಿ. ಅದರ ಹೊಗೆ ಒಳಕ್ಕೆ ಎಳೆದುಕೊಳ್ಳಬೇಕು.
4. ಹೊಗೆ ಚದುರಿದರೆ ಅಥವಾ ನಿಮ್ಮ ಕಡೆಗೆ ಬಂದರೆ ಯಂತ್ರ ಆರಿಸಿ, ಕಿಟಕಿ ತೆರೆಯಿರಿ. ಕಾಯಂ ಗಾಳಿಕಿಂಡಿ ಕೊರೆಸುವವರೆಗೆ ಅದನ್ನು ಬಳಸಬೇಡಿ.

ಒಮ್ಮೆ ಮಾಡಿಸಿದ ಗಾಳಿಕಿಂಡಿಗೆ ಚಳಿಗಾಲದಲ್ಲಿ ಬಟ್ಟೆ ತುರುಕುವ ಕೆಲಸ ಮನೆಯಲ್ಲಿ ಯಾರೂ ಮಾಡದಂತೆ ನೋಡಿಕೊಳ್ಳಿ. ಸೊಳ್ಳೆಜಾಲರಿ ಹಾಕಿದ್ದರೆ ಧೂಳು ತೆಗೆಯಿರಿ. ಸಣ್ಣ ಕಣ್ಣಿನ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ.

ಅಲಾರಂಗಳು

ಹೊಗೆ ಅಲಾರಂ, ಸಿಒ ಅಲಾರಂ, ಗ್ಯಾಸ್ ಸೋರಿಕೆ ಅಲಾರಂ ಮೂರೂ ಬೇರೆಬೇರೆ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಆದ್ದರಿಂದ ಅದರ ಅಲಾರಂ ನೆಲದ ಹತ್ತಿರ. ಹೊಗೆ ಮೇಲಕ್ಕೆ ಏರುತ್ತದೆ, ಅದರದ್ದು ಚಾವಣಿಯಲ್ಲಿ. ಸಿಒ ತೂಕ ಗಾಳಿಗೆ ಬಹುತೇಕ ಸಮ. ಅದು ನೆಲಕ್ಕೆ ಇಳಿಯುತ್ತದೆ ಎಂಬ ಮಾತು ತಪ್ಪು. ಸಾಧನದ ಕೈಪಿಡಿ ಹೇಳಿದ ಎತ್ತರದಲ್ಲಿ ಹಾಕಿ. ಮಲಗುವ ಕೋಣೆಯಲ್ಲಾದರೆ ಮಲಗಿದವರ ಉಸಿರಿನ ಮಟ್ಟ ಒಳ್ಳೆಯದು. ಪರದೆಯ ಹಿಂದೆ, ಬೀರುವಿನೊಳಗೆ, ಸ್ಟವ್‌ನ ನೇರ ಮೇಲೆ, ಸ್ನಾನದ ಆವಿ ಬಡಿಯುವಲ್ಲಿ ಬೇಡ.

ಸಿಒ ಅಲಾರಂ ಪ್ರತಿ ಅಂತಸ್ತಿಗೊಂದು, ಮಲಗುವ ಜಾಗದ ಹತ್ತಿರ ಒಂದು ಕಡ್ಡಾಯ. ಕೊಳ್ಳುವಾಗ ಇಎನ್ 50291 (ಯುರೋಪಿನ ಮಾನದಂಡ) ಅಥವಾ ಯುಎಲ್ 2034 (ಅಮೆರಿಕದ್ದು) ಗುರುತು ನೋಡಿ. ಮೊದಲನೆಯದರ ಪ್ರಕಾರ 50 ಪಿಪಿಎಂ ಇದ್ದರೆ 60ರಿಂದ 90 ನಿಮಿಷದಲ್ಲಿ, 100 ಇದ್ದರೆ 10ರಿಂದ 40 ನಿಮಿಷದಲ್ಲಿ, 300 ಇದ್ದರೆ 3 ನಿಮಿಷದೊಳಗೆ ಕೂಗಬೇಕು. ಎರಡನೆಯದು 70 ಪಿಪಿಎಂಗೆ 1ರಿಂದ 4 ಗಂಟೆ ತೆಗೆದುಕೊಳ್ಳಬಹುದು. ಈ ತಡ ದೋಷವಲ್ಲ, ರಕ್ತದಲ್ಲಿ ಸೇರುವ ವೇಗವನ್ನು ಅನುಸರಿಸಿ ಇಟ್ಟದ್ದು. ಆದರೆ ಕಡಿಮೆ ಪ್ರಮಾಣ ದಿನಗಟ್ಟಲೆ ಇದ್ದರೂ ಅಲಾರಂ ಸುಮ್ಮನಿರುತ್ತದೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ಮನೆಯಲ್ಲಿ ಗರ್ಭಿಣಿಯರೋ ಹೃದ್ರೋಗಿಗಳೋ ಇದ್ದರೆ ಅಂಕಿ ತೋರಿಸುವ ಮಾದರಿಗೆ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಎಂಟು ಗಂಟೆಯ ಸರಾಸರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಸುಮಾರು 9 ಪಿಪಿಎಂ. ಪರದೆಯ ಮೇಲೆ ಅದಕ್ಕಿಂತ ಹೆಚ್ಚು ನಿಂತಿದ್ದರೆ ಮೂಲ ಹುಡುಕಿಸಿ.

ನಡುನಡುವೆ ಒಂದೇ ಒಂದು “ಟಿಕ್” ಸದ್ದು ಬಂದರೆ ಬ್ಯಾಟರಿ ಮುಗಿಯುತ್ತಿದೆ, ಇಲ್ಲವೇ ಸೆನ್ಸರ್ ಆಯಸ್ಸು ತೀರಿದೆ. ಪರೀಕ್ಷೆಯ ಬಟನ್ ಸಾಮಾನ್ಯವಾಗಿ ಹಾರ್ನ್ ಮತ್ತು ಬ್ಯಾಟರಿಯನ್ನಷ್ಟೇ ಪರೀಕ್ಷಿಸುತ್ತದೆ, ಸೆನ್ಸರ್ ಸತ್ತಿದ್ದರೂ ಅದು ಕೂಗಬಹುದು. ಆದ್ದರಿಂದ ಹಿಂಬದಿಯ ದಿನಾಂಕ ಮುಖ್ಯ: ಸಿಒ ಅಲಾರಂ ಮಾದರಿಗೆ ತಕ್ಕಂತೆ 5ರಿಂದ 10 ವರ್ಷ, ಹೊಗೆ ಅಲಾರಂ ತಯಾರಾದ ದಿನದಿಂದ 10 ವರ್ಷ. ಇನ್ನೊಂದು ವಿಚಿತ್ರ: ಚಾರ್ಜ್ ಆಗುವ ಲೆಡ್-ಆಸಿಡ್ ಬ್ಯಾಟರಿ ಬಿಡುವ ಹೈಡ್ರೋಜನ್ ಅನ್ನೂ ಈ ಸೆನ್ಸರ್ ಸಿಒ ಎಂದೇ ಓದುತ್ತದೆ. ಇನ್ವರ್ಟರ್ ಪಕ್ಕದ ಅಲಾರಂ ಕೂಗಿದರೆ ಕಾರಣ ಅದಾಗಿರಬಹುದು, ಆದರೆ ಅದನ್ನು ತೀರ್ಮಾನಿಸಬೇಕಾದದ್ದು ಹೊರಗೆ ಬಂದು ಅಳತೆ ಮಾಡಿಸಿದ ಮೇಲೆ.

ಹೊಗೆ ಅಲಾರಂ ಪ್ರತಿ ಮಲಗುವ ಕೋಣೆಯಲ್ಲಿ, ಅದರ ಹೊರಗೆ, ಪ್ರತಿ ಅಂತಸ್ತಿನಲ್ಲಿ ಇರಬೇಕು. ಗೋಡೆಗೆ ಹಾಕುವುದಾದರೆ ಚಾವಣಿಯಿಂದ 30 ಸೆಂಟಿಮೀಟರ್ ಒಳಗೆ. ಒಲೆಯಿಂದ 3 ಮೀಟರ್, ಸ್ನಾನದ ಕೋಣೆಯ ಬಾಗಿಲಿನಿಂದ ಸುಮಾರು 1 ಮೀಟರ್ ದೂರ ಬಿಡಿ. ಇಲ್ಲವಾದರೆ ಒಗ್ಗರಣೆಗೆಲ್ಲ ಕೂಗಿ ಕೂಗಿ ಕೊನೆಗೆ ಯಾರೋ ಬ್ಯಾಟರಿ ಕಿತ್ತಿಡುತ್ತಾರೆ. ಬೆಳಕಿನಿಂದ ಹೊಗೆ ಗುರುತಿಸುವ ಬಗೆ, ಸೋಫಾ-ಹಾಸಿಗೆಗಳು ಒಳಗೊಳಗೇ ಹೊಗೆಯಾಡುವುದನ್ನು ಬೇಗ ಹಿಡಿಯುತ್ತದೆ. ಒಂದು ಕೂಗಿದರೆ ಎಲ್ಲವೂ ಕೂಗುವಂತೆ ಜೋಡಿಸಿದ್ದರೆ ಇನ್ನೂ ಚೆನ್ನ.

ಬೆಂಕಿಯ ಹೊಗೆ, ಹೊರಗಿನ ಹೊಗೆ

ಫೋಮ್, ನೈಲಾನ್ ಉರಿದಾಗ ಸಿಒ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಬರುತ್ತದೆ, ಕೋಣೆ ಕೆಲವೇ ನಿಮಿಷದಲ್ಲಿ ತುಂಬುತ್ತದೆ. ರಾತ್ರಿ ಮಲಗುವ ಕೋಣೆಯ ಬಾಗಿಲು ಮುಚ್ಚಿಯೇ ಮಲಗಿ. ಮುಚ್ಚಿದ ಬಾಗಿಲು ಹೊಗೆಯನ್ನೂ ಬಿಸಿಯನ್ನೂ ಗಮನಾರ್ಹವಾಗಿ ತಡೆಯುತ್ತದೆ. ಹೊರಡುವ ಮುನ್ನ ಕೈಯ ಹಿಂಬದಿಯಿಂದ ಬಾಗಿಲು ಮುಟ್ಟಿ ನೋಡಿ. ಬಿಸಿಯಿದ್ದರೆ ತೆರೆಯಬೇಡಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ ಕಿಟಕಿಯಿಂದ ಸಹಾಯ ಕೇಳಿ. ತಣ್ಣಗಿದ್ದರೆ ತಗ್ಗಿ ತೆವಳುತ್ತ ಹೊರಗೆ ಹೋಗಿ, ಹಿಂದೆ ಬಾಗಿಲು ಎಳೆದುಕೊಳ್ಳಿ. ಮೂಗಿಗೆ ಕಟ್ಟಿದ ಒದ್ದೆ ಬಟ್ಟೆಯಾಗಲಿ ಎನ್95 ಮಾಸ್ಕ್ ಆಗಲಿ ಸಿಒ ತಡೆಯುವುದಿಲ್ಲ.

ಕಾಳ್ಗಿಚ್ಚು ಅಥವಾ ಕಸದ ಬೆಂಕಿಯ ಹೊಗೆ ಹೊರಗಿನಿಂದ ನುಗ್ಗುವಾಗ ಲೆಕ್ಕ ತಿರುಗುಮುರುಗು. ಆಗ ಒಂದು ಕೋಣೆಯನ್ನು ಆರಿಸಿ ಕಿಟಕಿ ಮುಚ್ಚಿ, ಸಂದಿಗಳಿಗೆ ಟೇಪ್ ಹಚ್ಚಿ, ಹೆಪಾ ಫಿಲ್ಟರಿನ ಶುದ್ಧೀಕರಣ ಯಂತ್ರ ಓಡಿಸಿ. 150 ಚದರ ಅಡಿ ಕೋಣೆಗೆ ಹೊಗೆಯ ಸಿಎಡಿಆರ್ (ಯಂತ್ರ ನಿಮಿಷಕ್ಕೆ ಎಷ್ಟು ಘನ ಅಡಿ ಶುದ್ಧ ಗಾಳಿ ಕೊಡುತ್ತದೆ ಎಂಬ ಅಳತೆ) ಕನಿಷ್ಠ 100 ಇರಬೇಕು, ದಟ್ಟ ಹೊಗೆಗೆ 150ರ ಹತ್ತಿರ. ಹೀಗೆ ಬಿಗಿ ಮಾಡಿದ ಕೋಣೆಯಲ್ಲಿ ಮೇಣದ ಬತ್ತಿ, ಸ್ಟವ್, ಗ್ಯಾಸ್ ಹೀಟರ್ ಏನನ್ನೂ ಹೊತ್ತಿಸಬೇಡಿ. ಶುದ್ಧೀಕರಣ ಯಂತ್ರ ಹಿಡಿಯುವುದು ಕಣಗಳನ್ನು. ಅದರ ಇದ್ದಿಲು ಪದರಕ್ಕೂ ಸಿಒ ಸಿಕ್ಕುವುದಿಲ್ಲ.

ಅಲಾರಂ ಕೂಗಿದಾಗ

ಸಿಒ ಅಲಾರಂ ಕೂಗಿದರೆ ಎಲ್ಲರೂ ತಕ್ಷಣ ಹೊರಗೆ ಬನ್ನಿ, ತಲೆ ಎಣಿಸಿ, ಹೊರಗಿನಿಂದ ತುರ್ತು ಸೇವೆಗೆ ಕರೆ ಮಾಡಿ. ಮೂಲ ಹುಡುಕುತ್ತ ಒಳಗೆ ಅಲೆಯಬೇಡಿ. ಕಿಟಕಿ ತೆರೆದ ಮೇಲೆ ಸದ್ದು ನಿಂತಿತೆಂದು ಮರಳಿ ಹೋಗಬೇಡಿ. ಮೂಲ ಇನ್ನೂ ಅಲ್ಲೇ ಇದೆ. ಅಲಾರಂ ಇಲ್ಲದ ಮನೆಯಲ್ಲಿ ಸುಳಿವು ಇದು: ಜ್ವರವಿಲ್ಲದೆ ಒಂದೇ ಹೊತ್ತಿಗೆ ಹಲವರಿಗೆ ತಲೆನೋವು, ವಾಕರಿಕೆ, ಹೊರಗೆ ಹೋದರೆ ಹಗುರ, ಒಳಗೆ ಬಂದರೆ ಮತ್ತೆ ಶುರು. ಸಾಕುಪ್ರಾಣಿ ಮಂಕಾಗಿರುವುದೂ ಉಂಟು.

ಸ್ನಾನದ ಕೋಣೆಯಲ್ಲಿ ಯಾರಾದರೂ ಕುಸಿದಿದ್ದರೆ ಬಾಗಿಲು ಪೂರ್ತಿ ತೆರೆದು, ಉಸಿರು ಹಿಡಿದು, ಎಳೆದು ಹೊರಗೆ ತನ್ನಿ. ಅಲ್ಲೇ ಕೂತು ಉಪಚರಿಸಬೇಡಿ. ಉಸಿರಿಲ್ಲದಿದ್ದರೆ ಸಿಪಿಆರ್ ಶುರುಮಾಡಿ. ಆಸ್ಪತ್ರೆಯಲ್ಲಿ “ಸಿಒ ಇರಬಹುದು, ಗೀಸರ್ ಓಡುತ್ತಿತ್ತು” ಎಂದು ಸ್ಪಷ್ಟವಾಗಿ ಹೇಳಿ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಸಿಒ ಅಂಟಿದ ಹಿಮೋಗ್ಲೋಬಿನ್ ಅನ್ನೂ ಆಮ್ಲಜನಕ ತುಂಬಿದ್ದು ಎಂದೇ ಓದಿ 98, 99 ತೋರಿಸಬಹುದು. ನಿಜ ಗೊತ್ತಾಗುವುದು ರಕ್ತದ ಕಾರ್ಬಾಕ್ಸಿಹಿಮೋಗ್ಲೋಬಿನ್ ಪರೀಕ್ಷೆಯಲ್ಲಿ. ಸಾಮಾನ್ಯ ಗಾಳಿಯಲ್ಲಿ ರಕ್ತದ ಸಿಒ ಅರ್ಧಕ್ಕೆ ಇಳಿಯಲು 4ರಿಂದ 6 ಗಂಟೆ ಬೇಕು, ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು ಒಂದೂವರೆ ಗಂಟೆ. ಹೊರಗೆ ಬಂದು ಚೇತರಿಸಿಕೊಂಡಂತೆ ಕಂಡವರನ್ನೂ ತೋರಿಸಲೇಬೇಕು, ಗರ್ಭಿಣಿಯರನ್ನಂತೂ ತಡಮಾಡದೆ. ಮರೆವು, ನಡಿಗೆಯಲ್ಲಿ ತೊಡಕು, ಸ್ವಭಾವದಲ್ಲಿ ಬದಲಾವಣೆ ಕೆಲವು ದಿನ ಅಥವಾ ವಾರಗಳ ನಂತರವೂ ತಲೆದೋರಬಹುದು. ಹಾಗಾದರೆ ಮತ್ತೆ ವೈದ್ಯರ ಬಳಿಗೆ ಕರೆದೊಯ್ದು ಹಿಂದಿನ ಘಟನೆಯನ್ನು ತಿಳಿಸಿ.