ಕಾಡಿನಲ್ಲಿ ಯಾವ ಮರ ಹೋಗಿ ಯಾವುದು ಬರುತ್ತಿದೆ? ಸಸಿ ಎಣಿಸಿ ತಿಳಿಯಿರಿ

ಬೆಂಗಳೂರಿನ ತುರಹಳ್ಳಿಯಲ್ಲೋ ಬನ್ನೇರುಘಟ್ಟದ ಅಂಚಿನಲ್ಲೋ ತಲೆಯೆತ್ತಿದರೆ ಕಾಣುವುದು ಎಂದೋ ಬೇರೂರಿದ ಕಾಡು. ಮುಂದೆ ಬರುವ ಮರಗಳು ಇನ್ನೂ ಮೊಣಕಾಲೆತ್ತರದಲ್ಲಿವೆ. ಹಾಗಾಗಿ ದೊಡ್ಡ ಮರವನ್ನಷ್ಟೇ ಎಣಿಸಿದರೆ ಏನೂ ತಿಳಿಯದು.

ಮೊದಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಪಡೆಯಿರಿ. ಅಕ್ಟೋಬರ್–ನವೆಂಬರ್ ಒಳ್ಳೆಯ ಕಾಲ. ಎಲೆಯಿದ್ದರೆ ಗುರುತು ಸುಲಭ. ಹಗ್ಗದಿಂದ 20 ಮೀಟರ್ ಚೌಕ ಹಾಕಿ. ಕರ್ಣ 28.3 ಮೀಟರ್ ಬರದಿದ್ದರೆ ಮೂಲೆ ಸೊಟ್ಟಗಿದೆ. ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಒರಗಿಸದೆ ಮಟ್ಟವಾಗಿ ಹಿಡಿಯಿರಿ. ಮತ್ತೆ ಬಂದು ಅದೇ ಚೌಕ ಹುಡುಕಲು ಮೂಲೆಗೆ ಕಲ್ಲು ನೆಡಲೇಬೇಕು, ಮರದಡಿ ಫೋನಿನ ಜಿಪಿಎಸ್ ಹಲವು ಮೀಟರ್ ತಪ್ಪುತ್ತದೆ.

ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ 31 ಸೆಂ.ಮೀ. (ಅಡ್ಡಳತೆ ಸುಮಾರು 10) ದಾಟಿದ್ದನ್ನೆಲ್ಲ ಇಡೀ ಚೌಕದಲ್ಲಿ ಬರೆದುಕೊಳ್ಳಿ. ಅಷ್ಟು ಎತ್ತರವಿದ್ದೂ ತೆಳ್ಳಗಿರುವುದನ್ನು ಒಂದು ಮೂಲೆಯ 5 ಮೀಟರ್ ಚೌಕದಲ್ಲಿ, ಗಿಡ್ಡ ಸಸಿಗಳನ್ನು ನಾಲ್ಕೂ ಮೂಲೆಯ 1 ಮೀಟರ್ ಚೌಕಗಳಲ್ಲಿ ಎಣಿಸಿ. ಹೋಲಿಸುವ ಮುನ್ನ ಎರಡನೆಯದನ್ನು 16ರಿಂದ, ಮೂರನೆಯದರ ಮೊತ್ತವನ್ನು 100ರಿಂದ ಗುಣಿಸಿ. ಇದನ್ನು ಮರೆತವರೇ ಹೆಚ್ಚು.

ಕಡಿದ ನೀಲಗಿರಿಯ ಬುಡದಿಂದ ಐದು ಕುಡಿ ಎದ್ದಿದ್ದರೆ ಅದು ಐದು ಮರವಲ್ಲ, ಒಂದೇ. ಸುತ್ತಳತೆ ಮಾತ್ರ ಬೇರೆ ಬೇರೆ ಬರೆಯಿರಿ. ಸಸಿಯ ವಿಷಯದಲ್ಲಿ ಇನ್ನೂ ದೊಡ್ಡ ಮೋಸವಿದೆ. ಮುತ್ತುಗದ ಸಸಿ ಬೆಂಕಿಗೆ ಮೇಲೆ ಸುಟ್ಟರೂ ಬೇರಿನಿಂದ ಮತ್ತೆ ಚಿಗುರುತ್ತದೆ. ಮೊಣಕಾಲೆತ್ತರದ ಗಿಡಕ್ಕೆ ಹಲವು ವರ್ಷ ವಯಸ್ಸಾಗಿರಬಹುದು. ಬುಡದ ಮಣ್ಣು ಬೆರಳಲ್ಲಿ ಸರಿಸಿ ನೋಡಿ: ಗಂಟುಗಂಟಾದ ದಪ್ಪ ಬುಡ, ಪಕ್ಕದಲ್ಲಿ ಕರಿಕಲು ಮೋಟು ಇದ್ದರೆ ಅದು ಹಳೆಯ ಗಿಡವೇ. ‘ಹೊಸ ಸಸಿ’ ಎಂದು ಬರೆಯಬೇಡಿ.

ಇನ್ನು ಕಾರಣ. ತೊಗಟೆಯ ಮಸಿ ಬೆಂಕಿಯನ್ನು ಹೇಳುತ್ತದೆ, ಕೊಡಲಿ ಗುರುತಿನ ಮೋಟು ಕಡಿತವನ್ನು. ದೊಡ್ಡ ಮರದಡಿ ಬೇವು, ಶ್ರೀಗಂಧ ಗುಂಪಾಗಿ ಎದ್ದಿದ್ದರೆ ಹಕ್ಕಿಗಳು ಕೂತು ಉದುರಿಸಿದ ಬೀಜವಿರಬೇಕು. ಲಂಟಾನ (ಹೊರಗಿನಿಂದ ಬಂದ ಪೊದೆಕಳೆ) ದಟ್ಟವಾದಲ್ಲಿ ನೆರಳಿಗೆ ಸಸಿ ಮೇಲೇಳುವುದು ಕಷ್ಟ. ದನ ಮೇಯುವುದರ ಪ್ರಭಾವವನ್ನಂತೂ ಬರೀ ನೋಡಿ ಹೇಳಲಾಗದು: ಒಂದೇ ಇಳಿಜಾರಿನಲ್ಲಿ ಎರಡು ಚೌಕ ಮಾಡಿ ಒಂದಕ್ಕೆ ಬೇಲಿ ಹಾಕಿ, ಕನಿಷ್ಠ ಎರಡು ಮಳೆಗಾಲ ಕಾಯಿರಿ. ಲಂಟಾನವನ್ನೂ ಹೀಗೇ ಒಂದು ಚೌಕದಲ್ಲಿ ತೆಗೆದು ಪರೀಕ್ಷಿಸಬಹುದು, ಆದರೆ ಮೇಲೆ ಸವರಿದರೆ ಮತ್ತೆ ಚಿಗುರುತ್ತದೆ. ಬುಡದ ಗಂಟಿನ ಕೆಳಗೆ ಬೇರು ಕತ್ತರಿಸಿ ತಲೆಕೆಳಗಾಗಿಡಿ.

ಒಂದೆರಡು ವರ್ಷದ ಲೆಕ್ಕದಿಂದ ತೀರ್ಪು ಬೇಡ. ತಮಿಳುನಾಡಿನ ಮುದುಮಲೆ ಕಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು (ಐಐಎಸ್ಸಿ) 1988ರಲ್ಲಿ 50 ಹೆಕ್ಟೇರ್ ಗುರುತಿಸಿ, 1 ಸೆಂ.ಮೀ. ಅಡ್ಡಳತೆಯ ಕಾಂಡದಿಂದಲೇ ಲೆಕ್ಕ ಹಿಡಿದರು. ಆನೆ ಮುರಿದು ತಿಂದು ಕೈಡಿಯಾ ಮರ ತೀರಾ ಇಳಿದದ್ದು ತಿಳಿದದ್ದು ಅದೇ ಕಾಂಡಗಳನ್ನು ಮತ್ತೆ ಮತ್ತೆ ಎಣಿಸಿದ್ದರಿಂದ. ನೀವೂ ಪ್ರತಿ ಮರಕ್ಕೆ ಸಂಖ್ಯೆ ಕೊಡಿ, ಅಳೆದ ಜಾಗಕ್ಕೆ ಬಣ್ಣದ ಗೆರೆ ಎಳೆಯಿರಿ. ಹೆಸರು ಗೊತ್ತಿಲ್ಲದ ಗಿಡಕ್ಕೆ ಅಂದಾಜಿನ ಹೆಸರು ಬೇಡ. ‘ತಿಳಿಯದ್ದು 1’ ಎಂದು ಬರೆದು ಎಲೆಯ ಎರಡೂ ಬದಿಯ ಫೋಟೊ ತೆಗೆಯಿರಿ.